ತಂಪಣ್ಣನ ಹೊಸ ದರ

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವನಿಗೆ ಬೇರೆಯೇ ಹೆಸರಿತ್ತು. ಆದರೆ ಹೆಂಡತಿಯ ಕಡೆಯ ನೆಂಟರಿಂದ ಹಿಡಿದು ತರಕಾರಿ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅವನು ತಂಪಣ್ಣ. ಹದಿನೇಳು ವರ್ಷದಿಂದ ಅವನದು ಒಂದೇ ಕೆಲಸ. ಬೇಸಿಗೆಯಲ್ಲಿ ಎಸಿ, ಚಳಿಗಾಲದಲ್ಲಿ ಗೀಸರ್ ಮತ್ತು ರೂಮ್ ಹೀಟರ್. "ಚಳಿ ಬಂದಾಗಲಾದ್ರೂ ಬಿಸಿಯಣ್ಣ ಅನ್ರಪ್ಪ" ಎಂದು ಅವನೇ ನಗುತ್ತಿದ್ದ. ಯಾರೂ ಅನ್ನಲಿಲ್ಲ.

ಒಂದೇ ಷಟರಿನ ಅಂಗಡಿ. ಗೋಡೆಯ ಮೇಲೆ ತಾಮ್ರದ ಪೈಪಿನ ಸುರುಳಿಗಳು, ಮೂಲೆಯಲ್ಲಿ ಗ್ಯಾಸ್ ಸಿಲಿಂಡರುಗಳು, ಬಾಗಿಲ ಹೊರಗೆ ಒಂದು ಹಳೆಯ ಬಿಳಿ ವ್ಯಾನು. ಕೆಲಸಕ್ಕೆ ಕೊರತೆ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನು ಕಿರುಚಲು ಶುರು ಮಾಡಿದರೆ ಸಂಜೆವರೆಗೂ ಬಿಡುವಿಲ್ಲ. ಕೈ ಶುದ್ಧ, ಮಾತು ಮೆದು, ಮಾಡಿದ ರಿಪೇರಿ ವರ್ಷಗಟ್ಟಲೆ ತಾಳುತ್ತಿತ್ತು. ಅವನಿಗೆ ಬರದೇ ಇದ್ದದ್ದು ಒಂದೇ, ಬೆಲೆ ಹೇಳುವುದು.

ಕೆಲಸ ಮುಗಿಸಿ ಸ್ಕ್ರೂಡ್ರೈವರ್ ಒರೆಸುತ್ತಿರುವಾಗ ಮನೆಯವರು "ಎಷ್ಟಾಯ್ತು?" ಎಂದು ಕೇಳಿದರೆ ಸಾಕು, ತಂಪಣ್ಣನ ಕಿವಿ ಕೆಂಪಾಗುತ್ತಿತ್ತು. ಅವರ ಮುಖ ನೋಡುತ್ತಿದ್ದ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಿದ್ದ, ಸೋಫಾ ಹರಿದಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಒಂದು ಅಂಕಿ ಹೇಳಿ, ಅವರು ತುಟಿ ಬಿಚ್ಚುವ ಮೊದಲೇ "ಐವತ್ತು ಕಮ್ಮಿ ಕೊಡಿ, ಪರವಾಗಿಲ್ಲ" ಎಂದುಬಿಡುತ್ತಿದ್ದ. ಚೌಕಾಸಿಯಲ್ಲಿ ಎರಡೂ ಕಡೆಯ ಕೆಲಸವನ್ನು ಅವನೊಬ್ಬನೇ ಮಾಡಿ ಮುಗಿಸುತ್ತಿದ್ದ.

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ಅವನ ಮೆಕ್ಯಾನಿಕ್ ಅಂಗಡಿಯಲ್ಲಿ ಸುಮ್ಮನೆ ನಿಂತಿದ್ದ. ಒಂಬತ್ತು ವರ್ಷದಿಂದ ಜೊತೆಗಿದ್ದವನು. ಮೂವತ್ತನಾಲ್ಕರ ಪ್ರಾಯ, ಆರಡಿ ಮೂರಂಗುಲ ಎತ್ತರ. ಅವನಿದ್ದರೆ ಏಣಿ ಬೇಕಿಲ್ಲ ಎಂದು ಯಾರೋ ಅಂದದ್ದೇ ಹೆಸರಾಗಿ, ಅವನು ಏಣಿಯೇ ಆಗಿಬಿಟ್ಟಿದ್ದ.

"ಅಣ್ಣಾ, ಒಂದು ಮಾತು."

"ಹೇಳೋ."

"ಆ ಹೊಸ ಮಾಲ್‌ನವರು ಮೇಂಟೆನೆನ್ಸಿಗೆ ಜನ ತಗೋತಿದಾರೆ. ಇಪ್ಪತ್ನಾಲ್ಕು ಸಾವಿರ ಕೊಡ್ತಾರಂತೆ." ಏಣಿ ನೆಲ ನೋಡುತ್ತ ಹೇಳಿದ. "ನಂಗೆ ಹೋಗೋಕೆ ಮನಸ್ಸಿಲ್ಲ ಅಣ್ಣ. ಆದ್ರೆ ನಮ್ಮನೆಯವಳಿಗೆ ಈಗ ಐದು ತಿಂಗಳು. ಬೇಸಿಗೆಯೊಳಗೆ ಏನಂತ ಹೇಳು ಅಂದಿದಾರೆ ಮಾಲ್‌ನವರು."

ತಂಪಣ್ಣ ಅವನಿಗೆ ಕೊಡುತ್ತಿದ್ದದ್ದು ಹದಿನೆಂಟು. ಅದನ್ನು ಹೊಂದಿಸುವುದರಲ್ಲೇ ತಿಂಗಳ ಕೊನೆಗೆ ಏದುಸಿರು ಬರುತ್ತಿತ್ತು. "ನೋಡೋಣ ಕಣೋ" ಎಂದ. ಏಣಿ ಹೋದರೆ ಕೈ ಮುರಿದ ಹಾಗೆ, ಅದು ಇಬ್ಬರಿಗೂ ಗೊತ್ತಿತ್ತು.

ಆ ಹೊತ್ತಿಗೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಮನೆಯಲ್ಲಿದ್ದರು. ಮಂಡಿ ಆಪರೇಷನ್ ಆಗಿತ್ತು. ಮೂರು ತಿಂಗಳು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳಲಿ ಎಂದು ಕರೆದುಕೊಂಡು ಬಂದಿದ್ದರು. ಮೂವತ್ತೊಂದು ವರ್ಷ ಒಂದು ಕಾಲೇಜಿನ ಕ್ಯಾಂಟೀನ್ ನಡೆಸಿದ ಹೆಂಗಸು. ದಿನಕ್ಕೆ ನಾನೂರು ತಟ್ಟೆ ಬಡಿಸಿದ ಕೈಗೆ ಈಗ ಟೀವಿ ರಿಮೋಟು ಬಿಟ್ಟರೆ ಬೇರೆ ಕೆಲಸವಿಲ್ಲ. ಹದಿನೈದೇ ದಿನದಲ್ಲಿ ಅವರಿಗೆ ಬೇಸರ ಹಿಡಿದುಹೋಗಿತ್ತು. ಎದುರು ಮನೆಯ ನಾಯಿ ಎಷ್ಟು ಹೊತ್ತಿಗೆ ಬೊಗಳುತ್ತದೆ ಎಂಬುದೂ ಬಾಯಿಪಾಠವಾಗಿತ್ತು.

ಮರುದಿನ ತಿಂಡಿಯ ಹೊತ್ತಿಗೆ ತಂಪಣ್ಣ ಏಣಿಯ ವಿಷಯ ಹೆಂಡತಿಗೆ ಹೇಳಿದ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬ್ಯಾಗು ಹಿಡಿದು ಹೊರಟಿದ್ದಳು. ಅವಳು ಏನೋ ಹೇಳುವ ಮೊದಲೇ ಒಳಗಿನಿಂದ ವಾಕರ್ ಟಕ್ ಟಕ್ ಎನ್ನುತ್ತ ಬಂತು.

"ಅಳಿಯಂದ್ರೇ, ಒಂದು ಎಸಿ ಸರ್ವೀಸಿಗೆ ಎಷ್ಟು ತಗೋತೀರಿ?"

"ಐನೂರು ಅತ್ತೆ."

"ಐನೂರು ಅಂತ ಯಾರು ಹೇಳಿದ್ದು?"

ತಂಪಣ್ಣ ಯೋಚಿಸಿದ. ಕೆಲಸ ಕಲಿಸಿದ ಗುರುಗಳು ಕೊನೆಯ ವರ್ಷ ತೆಗೆದುಕೊಳ್ಳುತ್ತಿದ್ದದ್ದು ಐನೂರು. ಅವರು ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. "ಎಲ್ರೂ ಅಷ್ಟೇ ತಗೊಳ್ಳೋದು ಅತ್ತೆ" ಎಂದ.

"ಎಲ್ರೂ ಅಂದ್ರೆ ಯಾರ್ ಯಾರು?"

"ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಇದಾನೆ."

"ಅವನ ಅಂಗಡಿ ಬಾಡಿಗೆ ನೀವು ಕಟ್ತೀರಾ? ಇಲ್ಲ ತಾನೆ? ಮತ್ತೆ ಅವನ ಬೆಲೆ ನಿಮಗ್ಯಾಕೆ?" ಅತ್ತೆ ಕುರ್ಚಿ ಎಳೆದು ಕೂತರು. "ನಾನು ಒಂದು ತಟ್ಟೆ ಊಟಕ್ಕೆ ಬೆಲೆ ಕಟ್ಟಬೇಕಾದ್ರೆ ಎಣ್ಣೆ ಎಷ್ಟು, ಗ್ಯಾಸ್ ಎಷ್ಟು ಅಂತ ಲೆಕ್ಕ ಹಾಕ್ತಿದ್ದೆ. ಪಾತ್ರೆ ತೊಳೆಯೋ ಹೆಂಗಸಿನ ಸಂಬಳ, ಒಡೆದುಹೋದ ಲೋಟ, ಎಲ್ಲ ಬರೀತಿದ್ದೆ. ಪಕ್ಕದ ಹೋಟೆಲಿನವನ ಬೋರ್ಡು ನೋಡಿ ಬರೆದಿದ್ರೆ ಇಷ್ಟೊತ್ತಿಗೆ ಅವನ ಹೋಟೆಲಲ್ಲೇ ಪಾತ್ರೆ ತೊಳೀತಿದ್ದೆ. ನಿಮ್ಮ ಒಂದು ಗಂಟೆಗೆ ನಿಮಗೆ ಎಷ್ಟು ಖರ್ಚು ಬೀಳುತ್ತೆ?"

ಗಂಟೆಗೆ ಖರ್ಚು ಬೀಳುತ್ತದೆ ಎಂಬುದೇ ತಂಪಣ್ಣನಿಗೆ ಹೊಸ ಸುದ್ದಿ.

ಸೋಮವಾರ ಬೆಳಿಗ್ಗೆ ಅವನು ವ್ಯಾನಿನ ಬಾಗಿಲು ತೆಗೆದಾಗ ಮುಂದಿನ ಸೀಟಿನಲ್ಲಿ ಅತ್ತೆ ಆಗಲೇ ಕೂತಿದ್ದರು. ಮಂಡಿಯ ಕೆಳಗೆ ದಿಂಬು, ತೊಡೆಯ ಮೇಲೆ ಮಗಳ ಹಳೆಯ ಲ್ಯಾಬ್ ನೋಟ್‌ಬುಕ್ಕು, ಕೊರಳಲ್ಲಿ ದಾರ ಕಟ್ಟಿ ನೇತುಹಾಕಿದ ಅಡುಗೆಮನೆಯ ಗಡಿಯಾರ.

"ಅತ್ತೆ, ಡಾಕ್ಟ್ರು..."

"ಮೆಟ್ಟಿಲು ಹತ್ತಬೇಡಿ ಅಂದಿದಾರೆ. ವ್ಯಾನಲ್ಲಿ ಕೂರಬೇಡಿ ಅಂತ ಯಾರೂ ಅಂದಿಲ್ಲ. ನಡೀರಿ, ಎಂಟು ಇಪ್ಪತ್ತಾಯ್ತು."

ಏಣಿ ಹಿಂದೆ ಗ್ಯಾಸ್ ಸಿಲಿಂಡರುಗಳ ನಡುವೆ ಕಾಲು ಮಡಚಿ ಮೂರು ಪಾಲಾಗಿ ಕೂತ. ಆರು ದಿನ ಹೀಗೇ ನಡೆಯಿತು. ಇವರಿಬ್ಬರೂ ಮನೆಯೊಳಗೆ ಹೋದರೆ ಅತ್ತೆ ವ್ಯಾನಿನ ಕಿಟಕಿ ಇಳಿಸಿ, ಹೋದ ಹೊತ್ತು, ಬಂದ ಹೊತ್ತು ಬರೆಯುತ್ತಿದ್ದರು. ಮೊದಲ ದಿನ ತಂಪಣ್ಣನಿಗೆ ಬೆನ್ನ ಹಿಂದೆ ಇನ್‌ಸ್ಪೆಕ್ಟರ್ ನಿಂತ ಹಾಗಾಗುತ್ತಿತ್ತು. ಎರಡನೆಯ ದಿನ ಅಭ್ಯಾಸವಾಯಿತು. ಮೂರನೆಯ ದಿನ ಅವನಿಗೇ ಕೆಲವು ಸಂಗತಿಗಳು ಕಾಣಿಸತೊಡಗಿದವು. ಒಂದು ಗೀಸರಿಗೆ ಕಾಯಿಲ್ ಹಾಕಲು ಹೋದವರು ಸೈಜು ತಪ್ಪಿತೆಂದು ಎರಡು ಸಲ ಅಂಗಡಿಗೆ ಬಂದು ಹೋಗಿದ್ದರು. ಊರಿನ ಆ ತುದಿಗೆ ಬೆಳಿಗ್ಗೆ ಒಮ್ಮೆ ಹೋಗಿ, ಮಧ್ಯಾಹ್ನ ಈ ತುದಿಗೆ ಬಂದು, ಸಂಜೆ ಮತ್ತೆ ಅದೇ ಬೀದಿಗೆ ಹೋಗಿದ್ದರು. ಒಬ್ಬರು "ಸುಮ್ನೆ ಒಂದ್ಸಲ ನೋಡ್ಬಿಟ್ಟು ಹೋಗಿ" ಎಂದದ್ದಕ್ಕೆ ಮೂರನೆಯ ಮಹಡಿ ಹತ್ತಿ, ಹೀಟರಿನ ಪ್ಲಗ್ಗು ಸಡಿಲವಾಗಿದ್ದದ್ದನ್ನು ಒತ್ತಿ, ಒಂದು ಪೈಸೆ ಇಲ್ಲದೆ ಇಳಿದು ಬಂದಿದ್ದ.

"ಎಷ್ಟು ಕೊಟ್ರು?" ಎಂದು ಅತ್ತೆ ಕೇಳಿದರು.

"ಏನಿಲ್ಲ ಅತ್ತೆ, ಪ್ಲಗ್ಗು ಒತ್ತೋಕೆ ಏನು ಕೇಳೋದು."

"ನಲವತ್ತೇಳು ನಿಮಿಷ" ಎಂದಷ್ಟೇ ಹೇಳಿ ಬರೆದುಕೊಂಡರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲೆಕ್ಕ ನಡೆಯಿತು. ಅತ್ತೆ ಕನ್ನಡಕ ಏರಿಸಿ ಕೇಳುತ್ತ ಹೋದರು, ತಂಪಣ್ಣ ಹೇಳುತ್ತ ಹೋದ. ಏಣಿಗೆ ಹದಿನೆಂಟು. ಅಂಗಡಿ ಬಾಡಿಗೆ ಒಂಬತ್ತು. ವ್ಯಾನಿನ ಕಂತು, ಡೀಸೆಲ್, ರಿಪೇರಿ ಹನ್ನೆರಡು. ಕರೆಂಟು, ಫೋನು, ಗ್ಯಾಸು, ಮುರಿಯುವ ಸಾಮಾನು ನಾಲ್ಕು.

"ನಲವತ್ಮೂರು ಸಾವಿರ" ಎಂದ ತಂಪಣ್ಣ, ಕೂಡಿಸಿದ ಖುಷಿಯಲ್ಲಿ.

"ನಿಮ್ಮ ಸಂಬಳ?"

"ನಂದೇನತ್ತೆ, ನಾನು ಮಾಲೀಕ. ಉಳಿದಿದ್ದೆಲ್ಲ ನಂದೇ."

"ಉಳಿಯೋದೆಷ್ಟು?"

ತಂಪಣ್ಣ ನೀರು ಕುಡಿದ. ಅತ್ತೆ ಕಾಯಲಿಲ್ಲ. "ಆರು ದಿನದಲ್ಲಿ ನೀವಿಬ್ರೂ ನಿಜವಾಗಿ ಕೈಯಲ್ಲಿ ಸಾಮಾನು ಹಿಡಿದು ದುಡಿದಿದ್ದು ದಿನಕ್ಕೆ ನಾಲ್ಕೇ ಗಂಟೆ. ಮಿಕ್ಕಿದ್ದು ರೋಡಲ್ಲಿ, ಮೆಟ್ಟಿಲಲ್ಲಿ, ಫೋನಲ್ಲಿ, ಬೀಗದ ಕೈಗೆ ಕಾಯೋದ್ರಲ್ಲಿ. ತಿಂಗಳಿಗೆ ನೂರು ಗಂಟೆ ಅಂತ ಇಟ್ಕೊಳ್ಳಿ. ಗಂಟೆಗೊಂದು ಸರ್ವೀಸು, ಐನೂರರ ಹಾಗೆ ಐವತ್ತು ಸಾವಿರ. ನಲವತ್ಮೂರು ಕಳೀರಿ."

ಏಳು ಸಾವಿರ. ಅದೂ ಚೆನ್ನಾಗಿ ನಡೆದ ತಿಂಗಳಲ್ಲಿ. ಬೇಸಿಗೆಗೂ ಚಳಿಗೂ ನಡುವೆ ಯಾರಿಗೂ ತಂಪೂ ಬೇಡ, ಬಿಸಿಯೂ ಬೇಡ ಎನ್ನುವ ತಿಂಗಳುಗಳಲ್ಲಿ ಅದೂ ಇಲ್ಲ.

ಅತ್ತೆ ಪೆನ್ನು ಕೆಳಗಿಟ್ಟರು. "ಬೇಜಾರು ಮಾಡ್ಕೋಬೇಡಿ, ಹೇಳ್ತೀನಿ. ನನ್ನ ಮಗಳ ಸಂಬಳದಲ್ಲಿ ಇಡೀ ಊರು ತಣ್ಣಗಿದೆ."

ಮೇಜಿನ ಆ ಬದಿಯಲ್ಲಿ ಹೆಂಡತಿ "ಅಮ್ಮಾ!" ಎಂದಳು. ತಂಪಣ್ಣ ಎದ್ದು ಹಿತ್ತಲಿಗೆ ಹೋದ. ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಒಣಗಿದ್ದ ಟವೆಲ್ಲನ್ನು ಮಡಚಿ ಮತ್ತೆ ಬಿಚ್ಚಿದ. ಸಿಟ್ಟು ಬಂದಿರಲಿಲ್ಲ. ನಾಚಿಕೆಯಾಗಿತ್ತು. ಹದಿನೇಳು ವರ್ಷ ತಾನು ಸಂಸಾರ ನಡೆಸುತ್ತಿದ್ದೇನೆ ಅಂದುಕೊಂಡಿದ್ದ.

ಹೆಂಡತಿ ಹಿಂದೆಯೇ ಬಂದಳು. ಅವನ ಕೈಯಿಂದ ಟವೆಲ್ ತೆಗೆದುಕೊಂಡಳು.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿಲ್ದೆ ಇರುತ್ತಾ? ಮನೆ ಸಾಮಾನು ತರೋಳು ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೆಲಸ ಮುಗಿಸ್ಕೊಂಡು ಬಂದಾಗ ನಿಮ್ಮ ಮುಖ ನೋಡ್ಬೇಕು ರೀ. ಯಾರದೋ ಹಳೇ ಎಸಿ ಗುರ್ರಂತ ಶುರುವಾಯ್ತು ಅಂತ ಹೇಳೋವಾಗ ಎಷ್ಟು ಖುಷಿ! ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ." ಅವಳು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡಳು. "ಈಗ ಅಮ್ಮ ಕೆಡಿಸಿ ಆಯ್ತಲ್ಲ. ಹೋಗಿ, ಪೂರ್ತಿ ಲೆಕ್ಕ ಮುಗಿಸಿ. ಅರ್ಧಕ್ಕೆ ಬಿಟ್ರೆ ಅವರು ರಾತ್ರಿ ಊಟ ಮಾಡಲ್ಲ."

ಲೆಕ್ಕ ಮುಗಿಯಿತು. ತಂಪಣ್ಣನ ಸಂಬಳ ಎಂದು ಅತ್ತೆ ಇಪ್ಪತ್ತೇಳು ಸಾವಿರ ಬರೆದರು. ಅವನು ಇಪ್ಪತ್ತು ಸಾಕೆಂದ. "ನಿಮ್ಮ ಕೈಕೆಳಗಿನ ಹುಡುಗನಿಗೇ ಇಪ್ಪತ್ನಾಲ್ಕು ಕೊಡೋರಿದಾರೆ, ನೀವು ಅವನಿಗಿಂತ ದಡ್ಡರಾ?" ಎಂದಾಗ ಒಪ್ಪಿಕೊಂಡ. ಒಟ್ಟು ಎಪ್ಪತ್ತು ಸಾವಿರ, ನೂರು ಗಂಟೆಗೆ ಹಂಚಿದರೆ ಗಂಟೆಗೆ ಏಳುನೂರು. ಅದು ಬರೀ ಖರ್ಚು. ಕೆಲಸ ಕಡಿಮೆ ಇರುವ ತಿಂಗಳಿಗೆ, ಏಣಿಯ ಸಂಬಳ ಏರಿಸುವುದಕ್ಕೆ, ನಾಳೆ ವ್ಯಾನು ಕೈಕೊಟ್ಟರೆ ಅದಕ್ಕೆ ಅಂತ ನೂರೈವತ್ತು ಸೇರಿಸಿದರು. ಎಂಟುನೂರೈವತ್ತು. ಬಿಡಿ ಭಾಗಗಳನ್ನು ತಂದ ಬೆಲೆಗೇ ಕೊಡುತ್ತಿದ್ದದ್ದೂ ನಿಂತಿತು. ಬಾಗಿಲಿಗೆ ಬಂದು ನೋಡುವುದಕ್ಕೆ ಮುನ್ನೂರು, ಕೆಲಸ ಮಾಡಿಸಿದರೆ ಅದು ಬಿಲ್ಲಿನಲ್ಲೇ ಸೇರಿಹೋಗುತ್ತದೆ.

"ಯಾರು ಕೊಡ್ತಾರತ್ತೆ ಇಷ್ಟು?"

"ಕೇಳಿದ್ರೆ ಗೊತ್ತಾಗುತ್ತೆ. ನೀವು ಇಷ್ಟು ದಿನ ಕೇಳೇ ಇಲ್ಲ."

ಮರುದಿನ ಏಣಿಯನ್ನೂ ಕೂರಿಸಿಕೊಂಡು ಅತ್ತೆ ಪಾಠ ಮಾಡಿದರು. ಬೆಲೆಯನ್ನು ಕೆಲಸ ಶುರು ಮಾಡುವ ಮೊದಲೇ ಹೇಳಬೇಕು. ಚೀಟಿಯಲ್ಲಿ ಬರೆದು ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. "ನೀವು ಬಾಯಿ ಬಿಡೋದು ಇಳಿಸೋಕೇ. ತುಟಿ ಕಚ್ಕೊಳ್ಳಿ, ಗೋಡೆ ನೋಡಿ, ಏನಾದ್ರೂ ಮಾಡಿ. ಮಾತಾಡಬೇಡಿ."

ಮೊದಲ ಪರೀಕ್ಷೆ ಒಬ್ಬ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ. ಎರಡು ಎಸಿ. ತಂಪಣ್ಣ "ಸಾವಿರದ ಏಳ್ನೂರಾಗುತ್ತೆ ಮೇಡಂ" ಎಂದು ಗೋಡೆಯ ಮೇಲಿದ್ದ ದೊಡ್ಡ ದವಡೆಯ ಚಿತ್ರ ನೋಡತೊಡಗಿದ. ಮೂವತ್ತೆರಡು ಹಲ್ಲನ್ನೂ ಎಣಿಸಿದ. ಡಾಕ್ಟರಮ್ಮ ಕೈಗವಸು ಕಳಚುತ್ತ, "ಆಯ್ತು, ಮುಗಿದ್ಮೇಲೆ ರಿಸೆಪ್ಷನ್‌ನಲ್ಲಿ ಇಸ್ಕೊಳ್ಳಿ. ಹೋದ ವರ್ಷಾನೇ ಜಾಸ್ತಿ ಮಾಡ್ತೀರಾ ಅಂದ್ಕೊಂಡಿದ್ದೆ" ಎಂದು ಒಳಗೆ ಹೋದರು. ತಂಪಣ್ಣ ಏಣಿಯ ಕಡೆ ನೋಡಿದ. ಏಣಿ ಮೇಲೆ ನೋಡುತ್ತ ನಗು ತಡೆದುಕೊಳ್ಳುತ್ತಿದ್ದ.

ಎಲ್ಲರೂ ಡಾಕ್ಟರಮ್ಮನಂತಿರಲಿಲ್ಲ. "ಏನಪ್ಪ, ಚಿನ್ನದ ಗ್ಯಾಸ್ ಹಾಕ್ತೀಯಾ?" ಎಂದವರಿದ್ದರು. ಚೀಟಿ ಓದಿ ಬಾಗಿಲು ಹಾಕಿಕೊಂಡವರಿದ್ದರು. ಬಟ್ಟೆ ಅಂಗಡಿಯ ಯಜಮಾನನೊಬ್ಬ, ಹತ್ತು ವರ್ಷದ ಗಿರಾಕಿ, ತಂಪಣ್ಣನ ಎದುರೇ ಬಸ್ ಸ್ಟ್ಯಾಂಡಿನವನಿಗೆ ಫೋನು ಮಾಡಿದ. ಆವತ್ತು ತಂಪಣ್ಣನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆದರೆ ದೊಡ್ಡ ಕೆಲಸ ಇನ್ನೂ ಬಾಕಿ ಇತ್ತು. ಅದು ಲಾಡ್ಜು.

ಇಪ್ಪತ್ತನಾಲ್ಕು ರೂಮಿನ ಆ ಲಾಡ್ಜು ತಂಪಣ್ಣನ ಹೆಮ್ಮೆ. ಆರು ವರ್ಷದ ಹಿಂದೆ ವರ್ಷಕ್ಕೆ ಮೂವತ್ತಾರು ಸಾವಿರಕ್ಕೆ ಎಲ್ಲ ಎಸಿಗಳ ಗುತ್ತಿಗೆ ಒಪ್ಪಿಕೊಂಡಿದ್ದ. ಇಡಿಗಂಟು ಎಂದು ಖುಷಿಪಟ್ಟಿದ್ದ. ಯಾರೇ ಕೇಳಿದರೂ ಮೊದಲು ಹೇಳುತ್ತಿದ್ದದ್ದೇ "ಆ ಲಾಡ್ಜ್ ಪೂರ್ತಿ ನಮ್ಮದೇ" ಎಂದು. ಅತ್ತೆ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿದರು. ಪ್ರತಿ ರೂಮಿಗೆ ವರ್ಷಕ್ಕೆ ನಾಲ್ಕು ಸರ್ವೀಸು, ನಡುನಡುವೆ ಕರೆದಾಗಲೆಲ್ಲ ಓಟ. ಒಟ್ಟು ನೂರು ಗಂಟೆಗೆ ಕಡಿಮೆಯಿಲ್ಲ. ಎಪ್ಪತ್ತು ಸಾವಿರದ ಖರ್ಚಿನ ಕೆಲಸವನ್ನು ಮೂವತ್ತಾರಕ್ಕೆ ಮಾಡುತ್ತಿದ್ದ.

"ಅವರು ನನ್ನನ್ನ ತಮ್ಮನ ಥರ ನೋಡ್ಕೋತಾರತ್ತೆ" ಎಂದ ತಂಪಣ್ಣ.

"ಅರ್ಧ ಬೆಲೆಗೆ ಸಿಗೋ ತಮ್ಮನ್ನ ಯಾರಾದ್ರೂ ಬಿಡ್ತಾರಾ?"

ಗುತ್ತಿಗೆ ಹೊಸದು ಮಾಡುವ ದಿನ ಬಂತು. ಲಾಡ್ಜಿಗೆ ಹೋಗುವ ದಾರಿಯುದ್ದಕ್ಕೂ ವ್ಯಾನಿನಲ್ಲಿ ತಂಪಣ್ಣ "ಎಂಬತ್ತೈದು ಸಾವಿರ, ಎಂಬತ್ತೈದು ಸಾವಿರ" ಎಂದು ಬಾಯಿಪಾಠ ಮಾಡುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ತಿರುಗಿ ನೋಡಿದ. ಏಣಿಯನ್ನು ವ್ಯಾನಿನಲ್ಲೇ ಬಿಟ್ಟು ಒಬ್ಬನೇ ಒಳಗೆ ಹೋದ.

ಲಾಡ್ಜ್ ಮಾಲೀಕ ಕೌಂಟರಿನ ಹಿಂದೆ ಟೀ ಕುಡಿಯುತ್ತಿದ್ದ. "ಬಾರೋ ತಮ್ಮ, ಕೂತ್ಕೋ" ಎಂದು ಇನ್ನೊಂದು ಟೀ ತರಿಸಿದ. ತಂಪಣ್ಣ ಟೀ ಮುಟ್ಟಲಿಲ್ಲ. ಚೀಟಿ ಮುಂದಿಟ್ಟು, "ಈ ವರ್ಷದಿಂದ ಎಂಬತ್ತೈದು ಸಾವಿರ ಆಗುತ್ತೆ" ಎಂದ. ದನಿ ಸ್ವಲ್ಪ ಜೋರಾಗಿಯೇ ಬಂತು.

ಮಾಲೀಕ ಚೀಟಿಯನ್ನು ಎರಡು ಸಲ ಓದಿದ. ತಂಪಣ್ಣ ಕೀಲಿಗಳ ಹಲಗೆಯನ್ನು ನೋಡುತ್ತ ಕೂತ. ಒಂದರಿಂದ ಇಪ್ಪತ್ತನಾಲ್ಕು. ಏಳನೆಯದರ ಕೊಕ್ಕೆ ಬಾಗಿತ್ತು. ನಾಲಿಗೆಯ ತುದಿಗೆ "ಎಂಬತ್ತು ಕೊಡಿ ಪರವಾಗಿಲ್ಲ" ಬಂದು ನಿಂತಿತ್ತು. ಅದನ್ನು ನುಂಗಿದ.

"ತಮಾಷೆ ಮಾಡ್ತಿದೀಯಾ?"

"ಇಲ್ಲ ಅಣ್ಣ. ಲೆಕ್ಕ ಹಾಕಿದೀನಿ. ಇಷ್ಟು ದಿನ ಹಾಕಿರ್ಲಿಲ್ಲ, ಅದು ನನ್ನ ತಪ್ಪು."

"ನಲವತ್ತೈದು ಕೊಡ್ತೀನಿ. ನಿನ್ನ ಮುಖ ನೋಡ್ಕೊಂಡು."

"ಆಗಲ್ಲ ಅಣ್ಣ."

ಆ ಎರಡು ಮಾತು ತನ್ನ ಬಾಯಿಂದಲೇ ಬಂದವೇ ಎಂದು ತಂಪಣ್ಣನಿಗೇ ಆಶ್ಚರ್ಯವಾಯಿತು. ಮಾಲೀಕ ಸಿಟ್ಟಾಗಲಿಲ್ಲ. ಚೀಟಿ ಮಡಚಿ ವಾಪಸ್ ಕೊಟ್ಟು, ಬೇರೆ ಕಡೆ ವಿಚಾರಿಸುತ್ತೇನೆ ಎಂದ. ತಂಪಣ್ಣ ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದು ಬಂದ. ವ್ಯಾನಿನ ಹತ್ತಿರ ಬಂದವನು ಕೀಲಿಯನ್ನು ಏಣಿಯ ಕೈಗೆ ಕೊಟ್ಟ. ಏಣಿ ಇಳಿದು ಬಂದು ಡ್ರೈವರ್ ಸೀಟಿಗೆ ಕೂತ.

ಮುಂದಿನ ಮೂರು ವಾರ ಕಷ್ಟದವು. ಲಾಡ್ಜು ಇಲ್ಲ, ಬಟ್ಟೆ ಅಂಗಡಿ ಇಲ್ಲ. ಫೋನು ಸುಮ್ಮನಿರುತ್ತಿತ್ತು, ಬಂದ ಕರೆಗಳಲ್ಲಿ ಮೂರಕ್ಕೊಂದು ಬೆಲೆ ಕೇಳಿಯೇ ಮುಗಿಯುತ್ತಿತ್ತು. ತಂಪಣ್ಣ ಅಂಗಡಿಯಲ್ಲಿ ಕೂತು ಪೈಪಿನ ಸುರುಳಿಗಳನ್ನು ಅಳತೆಗೆ ತಕ್ಕಂತೆ ಜೋಡಿಸಿದ, ಆಮೇಲೆ ಇನ್ನೊಂದು ರೀತಿಯಲ್ಲಿ ಜೋಡಿಸಿದ. ಸಂಜೆ ಮನೆಗೆ ಬಂದರೆ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನ ಅವರೇ, ವ್ಯಾಯಾಮಕ್ಕೆಂದು ಮಂಡಿ ಮಡಚಿ ಬಿಚ್ಚುತ್ತ ಹೇಳಿದರು, "ನಾನು ಮೊದಲ ಸಲ ತಟ್ಟೆಗೆ ರೇಟು ಏರಿಸಿದಾಗ ಒಂದು ವಾರ ಅರ್ಧ ಮಕ್ಕಳು ಬರ್ಲೇ ಇಲ್ಲ. ದಿನಾ ಸ್ಟೋರ್ ರೂಮಿಗೆ ಹೋಗಿ ಅತ್ತು ಬರ್ತಿದ್ದೆ. ನಿಮ್ಮ ಮಾವನಿಗೂ ಹೇಳಿರ್ಲಿಲ್ಲ."

ತಂಪಣ್ಣನಿಗೆ ನಗು ಬಂತು. ಅತ್ತೆ ಅಳುವುದನ್ನು ಅವನಿಂದ ಊಹಿಸಿಕೊಳ್ಳಲೇ ಆಗಲಿಲ್ಲ. ಆದರೆ ಎದೆಯ ಭಾರ ಇಳಿಯಿತು.

ಬಿಡುವಾಗಿದ್ದ ಆ ದಿನಗಳಲ್ಲಿ ಇನ್ನೊಂದು ಕೆಲಸವಾಯಿತು. ಏಣಿ ವ್ಯಾನಿನೊಳಗೆ ಹಲಗೆ ಬಡಿದು ಚಿಕ್ಕ ಚಿಕ್ಕ ಖಾನೆ ಮಾಡಿದ. ಎಲ್ಲ ಸೈಜಿನ ಕಾಯಿಲ್, ಥರ್ಮೋಸ್ಟಾಟ್, ಕೆಪಾಸಿಟರುಗಳು ಅದರಲ್ಲಿ ಬಂದು ಕೂತವು. ಊರನ್ನು ನಾಲ್ಕು ಪಾಲು ಮಾಡಿ, ಯಾವ ಬಡಾವಣೆಗೆ ಯಾವ ದಿನ ಎಂದು ಗೊತ್ತು ಮಾಡಿದರು. ಅರ್ಜೆಂಟಾದರೆ ಮಾತ್ರ ಬೇರೆ ದಿನ, ಅದಕ್ಕೆ ಬೇರೆ ದರ. ಹೀಗಾಗಿ ನಾಲ್ಕನೆಯ ವಾರ ಬಿಸಿಲು ಏರಿ ಕರೆಗಳು ಬರತೊಡಗಿದಾಗ ದಿನಕ್ಕೆ ನಾಲ್ಕರ ಬದಲು ಐದು ಗಂಟೆಯ ಕೆಲಸ ಕೈಗೆ ಸಿಕ್ಕಿತು, ಓಡಾಟ ಮಾತ್ರ ಅರ್ಧವಾಯಿತು. ಲಾಡ್ಜಿಗೆ ಮೀಸಲಾಗಿದ್ದ ದಿನಗಳನ್ನು ಮನೆಗಳು ತುಂಬಿದವು. ಡಾಕ್ಟರಮ್ಮ ತಮ್ಮ ಪರಿಚಯದ ಇನ್ನಿಬ್ಬರು ಡಾಕ್ಟರುಗಳಿಗೆ ನಂಬರ್ ಕೊಟ್ಟಿದ್ದರು. ಅವರು ಫೋನಿನಲ್ಲಿ ಕೇಳಿದ್ದು ಬೆಲೆಯಲ್ಲ, "ಹೇಳಿದ ಟೈಮಿಗೆ ಬರ್ತೀರಲ್ವಾ?" ಎಂದು.

ಒಂದು ವಿಷಯದಲ್ಲಿ ಮಾತ್ರ ಅಳಿಯನಿಗೂ ಅತ್ತೆಗೂ ಜಟಾಪಟಿ ನಡೆಯಿತು. ಹಳೆಯ ಬೀದಿಯಲ್ಲಿ ಒಬ್ಬಂಟಿ ಅಜ್ಜಿಯೊಬ್ಬರಿದ್ದರು. ಅವರ ಗೀಸರು ತಂಪಣ್ಣನಿಗಿಂತ ಎರಡೇ ವರ್ಷ ಚಿಕ್ಕದು. ಅವರಿಂದ ಎಂಟುನೂರೈವತ್ತು ಕೇಳಲಾರೆ ಎಂದ.

"ಕೇಳಬೇಡಿ" ಎಂದರು ಅತ್ತೆ. "ಆದ್ರೆ ಚೀಟೀಲಿ ಎಂಟುನೂರೈವತ್ತು ಬರೀರಿ. ಕೆಳಗೆ ರಿಯಾಯಿತಿ ಏಳುನೂರು ಅಂತ ಬರೀರಿ. ಅಜ್ಜಿಗೆ ನೂರೈವತ್ತು."

"ಎರಡೂ ಒಂದೇ ಅಲ್ವಾ ಅತ್ತೆ?"

"ಅಲ್ಲ. ಇದರಲ್ಲಿ ನೀವು ಏನು ಕೊಟ್ರಿ ಅಂತ ನಿಮಗೂ ಗೊತ್ತಿರುತ್ತೆ, ಅವರಿಗೂ ಗೊತ್ತಿರುತ್ತೆ. ತಿಂಗಳಿಗೆ ಇಬ್ಬರಿಗೆ ಹೀಗೆ ಕೊಡಿ, ಮೂರನೆಯವರಿಗೆ ಮುಂದಿನ ತಿಂಗಳು."

ಅಜ್ಜಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಏಳುನೂರು ಬಿಟ್ಟಿದೀಯಾ?" ಎಂದು ಎರಡು ಸಲ ಕೇಳಿದರು. ಇಷ್ಟು ವರ್ಷ ಬಿಟ್ಟದ್ದೆಲ್ಲ ಅವರಿಗೆ ಗೊತ್ತೇ ಆಗಿರಲಿಲ್ಲ. ಆವತ್ತು ಅವನನ್ನು ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟರು.

ಏಣಿಯ ಸಂಬಳ ಎರಡನೆಯ ತಿಂಗಳ ಮೊದಲ ತಾರೀಕಿಗೆ ಏರಿತು. ತಂಪಣ್ಣ ಅಂಗಡಿಯ ಷಟರ್ ಎತ್ತುತ್ತಿದ್ದ ಹಾಗೇ, ಬೆನ್ನು ತಿರುಗಿಸಿಕೊಂಡೇ, "ಇಪ್ಪತ್ನಾಲ್ಕು ಹಾಕಿದೀನಿ, ಫೋನು ನೋಡ್ಕೋ" ಎಂದ. ತಿರುಗಿ ನೋಡಿದರೆ ಏಣಿ ಫೋನು ಹಿಡಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟಿದ್ದ.

"ಮಾಲ್‌ನವರಿಗೆ ಏನು ಹೇಳ್ಲಿ ಅಣ್ಣ?"

"ಅಲ್ಲಿ ಛಾವಣಿ ಎತ್ತರ ಜಾಸ್ತಿ, ನಿನ್ನ ಕೈಗೂ ಸಿಗಲ್ಲ ಅಂತ ಹೇಳು."

ಬೇಸಿಗೆ ಕಾದು ಕೆಂಪಾದ ಒಂದು ಮಧ್ಯಾಹ್ನ ಲಾಡ್ಜ್ ಮಾಲೀಕನ ಫೋನು ಬಂತು. ಮೇಲಿನ ಮಹಡಿಯ ಆರು ರೂಮು ಕಾದ ಕಾವಲಿಯಾಗಿದೆ, ಕಡಿಮೆ ಬೆಲೆಗೆ ಒಪ್ಪಿಕೊಂಡವರು ನಾಲ್ಕು ದಿನದಿಂದ ಫೋನು ಎತ್ತುತ್ತಿಲ್ಲ. ತಂಪಣ್ಣ ಹೋದ. ಅರ್ಜೆಂಟಿನ ದರ ಮೊದಲೇ ಹೇಳಿದ, ಮಾಲೀಕ ಉಸಿರೆತ್ತದೆ ಒಪ್ಪಿದ. ಕೆಲಸ ಮುಗಿದ ಮೇಲೆ, ಬಿಸಿಲಿಗೆ ಬೀಳುವ ಹನ್ನೆರಡು ರೂಮುಗಳನ್ನು ಹೊಸ ದರದಲ್ಲೇ ಮತ್ತೆ ತಂಪಣ್ಣನಿಗೆ ವಹಿಸಿದ. ಉಳಿದ ಹನ್ನೆರಡು ಹೇಗಾದರೂ ನಡೆಯುತ್ತವೆ ಎಂದ. ಪೂರ್ತಿ ಲಾಡ್ಜು ತನ್ನದೆಂದು ಹೇಳಿಕೊಳ್ಳುವ ಹಾಗಿರಲಿಲ್ಲ, ಆದರೆ ತಂಪಣ್ಣನಿಗೆ ಅದರ ಬೇಸರವೂ ಆಗಲಿಲ್ಲ. ಬಟ್ಟೆ ಅಂಗಡಿಯವನು ವಾಪಸ್ ಬರಲೇ ಇಲ್ಲ. ಬಸ್ ಸ್ಟ್ಯಾಂಡಿನವನೇ ಒಂದು ದಿನ ದಾರಿಯಲ್ಲಿ ಸಿಕ್ಕಿ, "ನೀವೆಷ್ಟು ತಗೋತಿದೀರಾ ಈಗ?" ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದ.

ಅತ್ತೆಯ ಮಂಡಿ ಸರಿಹೋಗಿ ಅವರು ತಮ್ಮ ಊರಿಗೆ ಹೊರಟರು. ಹೋಗುವಾಗ ಅಂಗಡಿಯ ಲೆಕ್ಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ನೀರು ಕಾಯಿಸಿ ಕುಡಿಯಿರಿ, ಬಿಸಿಲಲ್ಲಿ ಟೆರೇಸ್ ಮೇಲೆ ಕೆಲಸ ಮಾಡುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿದರು. ತಂಪಣ್ಣನಿಗೆ ಅವರ ಜೊತೆ ಇನ್ನೂ ಏನೋ ಮಾತಾಡಬೇಕೆನಿಸಿತು. ಏನೆಂದು ತಿಳಿಯದೆ ಅವರ ಬ್ಯಾಗನ್ನು ಎರಡು ಸಲ ಎತ್ತಿ ಇಟ್ಟ.

ಅದಾದ ಒಂದು ವಾರಕ್ಕೆ, ಗುರುವಾರವೋ ಏನೋ, ಒಂದು ಶಾಲೆಯ ಆಫೀಸಿನ ಕೆಲಸ ನಾಲ್ಕು ಗಂಟೆಗೇ ಮುಗಿಯಿತು. ಮುಂದಿನ ಕೆಲಸ ಮರುದಿನಕ್ಕಿತ್ತು. ತಂಪಣ್ಣ ಏಣಿಯನ್ನು ಅವನ ಮನೆ ಹತ್ತಿರ ಇಳಿಸಿದ. ಏಣಿಯ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದು, ಇಷ್ಟು ಬೇಗನಾ ಎಂಬಂತೆ ನೋಡಿದಳು. ತಂಪಣ್ಣ ಮನೆಗೆ ಬಂದು ಬೀಗ ತೆಗೆದ. ವಾರದ ನಡುವೆ ಈ ಹೊತ್ತಿನಲ್ಲಿ ಅವನು ಮನೆ ನೋಡಿದ್ದೇ ಇಲ್ಲ. ಪಶ್ಚಿಮದ ಕಿಟಕಿಯಿಂದ ಬಿಸಿಲು ಹಾಲಿನ ತುಂಬ ಹಾಸಿಕೊಂಡಿತ್ತು. ಕೈಕಾಲು ತೊಳೆದು ಸೋಫಾ ಮೇಲೆ ಕಾಲು ಚಾಚಿದ. ಏನು ಮಾಡಬೇಕೆಂದು ತೋಚಲಿಲ್ಲ. ಎದ್ದು ಗಿಡಗಳಿಗೆ ನೀರು ಹಾಕಿದ. ಮತ್ತೆ ಬಂದು ಕೂತ.

ಐದೂವರೆಗೆ ಹೆಂಡತಿ ಬಂದಳು. ಬಾಗಿಲು ತೆರೆದಿದ್ದದ್ದು ಕಂಡು ಹೊಸ್ತಿಲಲ್ಲೇ ನಿಂತು, "ಯಾರದು?" ಎಂದಳು. ಅವನನ್ನು ನೋಡಿದ್ದೇ ತಡ, ಬ್ಯಾಗು ಕೆಳಗಿಟ್ಟು ಹಣೆ ಮುಟ್ಟಿದಳು.

"ಏನ್ರೀ, ಜ್ವರಾನಾ?"

"ಇಲ್ಲ ಕಣೇ. ಕೆಲಸ ಮುಗೀತು."

"ಮುಗೀತು ಅಂದ್ರೆ?"

"ಮುಗೀತು ಅಂದ್ರೆ ಮುಗೀತು. ಇವತ್ತಿಂದು ಇಷ್ಟೇ."

ಅವಳು ಅವನ ಪಕ್ಕದಲ್ಲಿ ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿದಳು. ಆಮೇಲೆ ಮತ್ತೆ ಪಟ್ಟಿ ಹಾಕಿಕೊಂಡಳು. "ಹಾಗಾದ್ರೆ ಏಳಿ. ಕೆರೆ ಕಡೆ ಒಂದು ಸುತ್ತು ಹೋಗಿ ಬರೋಣ. ಬೆಳಕಿರೋವಾಗ ನಾವಿಬ್ರೂ ಹೊರಗೆ ಹೋಗಿ ಎಷ್ಟು ವರ್ಷ ಆಯ್ತು."

ಇಬ್ಬರೂ ಹೊರಟರು. ವ್ಯಾನು ಮನೆ ಮುಂದೆಯೇ ನಿಂತಿತ್ತು. ಅದನ್ನು ಬಿಟ್ಟು ನಡೆದುಕೊಂಡೇ ಹೋದರು.